ಮಲ್ಲಿಗೆ ಬತ್ತಿಯ ಡಬ್ಬ

ಫಾರಮ್ಮಿನಲ್ಲಿ ಒಂದೇ ಸಾಲು:
ಎರಡು ವಾರ ಮೀರಿದ ಕೆಮ್ಮು, ಇದೆ / ಇಲ್ಲ.
ಉದಯಗಿರಿಯ ಈ ಗಲ್ಲಿಯಲ್ಲಿ
ಕೆಮ್ಮಿಗೆ ಮನೆಗೊಂದು ಹೆಸರು.
ಪೋಲಮ್ಮನ ಮನೆಯಲ್ಲಿ ದಗ್ಗು,
ಅಂಜಲೈ ಮನೆಯಲ್ಲಿ ಇರುಮಲ್,
ಪಾನಿಪುರಿ ಗಾಡಿಯ ಹುಡುಗರು ಮಲಗುವ ಶೆಡ್ಡಿನಲ್ಲಿ ಖಾಂಸಿ,
ನಮ್ಮತ್ತೆಯ ಬಾಯಲ್ಲಿ ಬರೀ "ಸ್ವಲ್ಪ ಗಂಟಲು".

ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷು ಹೋದವಳು ನಾನು,
ಈಗ ನಾಲ್ಕು ಭಾಷೆಯಲ್ಲಿ ಕೇಳಬಲ್ಲೆ:
ರಕ್ತ ಬಿತ್ತಾ? ರಾತ್ರಿ ಬೆವರುತ್ತಾ? ಊಟ ಸೇರುತ್ತಾ?
ಉತ್ತರ ಮಾತ್ರ ನಾಲ್ಕರಲ್ಲೂ ಒಂದೇ,
ಬಾಗಿಲು ಅರ್ಧ ಮುಚ್ಚುವ ಸದ್ದು.

ಮೆಹತಾಬ್ ಬಿ ದಿನಕ್ಕೆ ನಾಲ್ಕು ಸಾವಿರ ಬತ್ತಿ ಹೊಸೆಯುತ್ತಾಳೆ.
ಮಣೆಯ ಮೇಲೆ ಇದ್ದಿಲ ಹಿಟ್ಟು, ಜಿಗಟು, ಬಿದಿರುಕಡ್ಡಿ;
ಅಂಗೈ ಮುಂದೆ, ಹಿಂದೆ, ಒಂದು ಬತ್ತಿ.
ಮುಂದೆ, ಹಿಂದೆ, ಕೆಮ್ಮು, ಮುಂದೆ, ಹಿಂದೆ.
ಕಫ ಕಪ್ಪಗಿತ್ತು.
"ಇದ್ದಿಲು ಕುಡಿದವಳಿಗೆ ಬೆಳ್ಳಗೆ ಬರುತ್ತಾ ಬಾಜಿ?"
ಎಂದು ನಕ್ಕಳು. ನಾನೂ ನಕ್ಕೆ.
ಆಮೇಲೆ ದುಪಟ್ಟಾದ ತುದಿ ನೋಡಿದೆ:
ಕಪ್ಪಿನೊಳಗೆ ಒಂದು ಕೆಂಪು ನೂಲು.

ನೀಲಿ ಮುಚ್ಚಳದ ಆ ಪುಟ್ಟ ಡಬ್ಬಿ
ಗಲ್ಲಿಗೆಲ್ಲ ಗೊತ್ತು.
ಅದು ಹೊಸ್ತಿಲು ದಾಟಿದ ಮನೆಗೆ
ಕಂಟ್ರಾಕ್ಟರು ಹಿಟ್ಟು ಕೊಡುವುದಿಲ್ಲ,
ನಲ್ಲಿಯ ಹತ್ತಿರ ಬಿಂದಿಗೆಗಳು ಗೇಣು ದೂರ ಸರಿಯುತ್ತವೆ,
ಮಗಳನ್ನು ನೋಡಲು ಬರಬೇಕಾದವರು ಬರುವುದಿಲ್ಲ.
"ಕಿಸೀಕೂ ಬೋಲ್‌ನಕ್ಕೋ," ಅಂದಳು.
ನಾನು ಹೇಳಲಿಲ್ಲ. ಬರೆದೆ, ಬರೆಯಲೇಬೇಕಲ್ಲ.
ತರಬೇತಿಯಲ್ಲಿ ಕಲಿಸಿದ್ದರು:
ಜಾಗೃತಿ ಮೂಡಿಸಿ, ಘೋಷಣೆ ಕೂಗಿಸಿ, ಫೋಟೋ ಕಳಿಸಿ.
ಕೂಗದೆ ಇರುವುದು ಹೇಗೆಂದು ಕಲಿಸಿರಲಿಲ್ಲ.

ಕಲಿಸಿದವಳು ಅವಳೇ.
ಮಾರನೆಯ ಬೆಳಗ್ಗೆ, ಅಜಾನ್ ಮುಗಿದು
ಹಾಲಿನ ಗಾಡಿ ಬರುವ ಮೊದಲು,
ಕೈಗೊಂದು ರಟ್ಟಿನ ಡಬ್ಬ ಇಟ್ಟಳು.
ಮೇಲೆ ಅಚ್ಚಾದ ಮಲ್ಲಿಗೆ ಮೊಗ್ಗು, ಅರಮನೆಯ ಗೋಪುರ;
ಒಳಗೆ, ಎರಡು ಕವರಿನಲ್ಲಿ ಸುತ್ತಿ, ಅವಳ ಕಫ.
ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ.
ಪಕ್ಕದ ಮುದುಕರು ಮೂಗರಳಿಸಿ
"ಒಳ್ಳೇ ಘಮ ತಾಯಿ, ಪೂಜೆಗಾ?" ಎಂದರು.
ಹೂಂ ಎಂದೆ. ಸುಳ್ಳು ಅನಿಸಲಿಲ್ಲ.

ಆರು ತಿಂಗಳು.
ಮಾತ್ರೆ ನುಂಗಿದರೆ ಮೂತ್ರ ಕೇಸರಿ, ಬಾಯಿಗೆ ತಗಡಿನ ರುಚಿ.
ಮೂರನೆಯದರಲ್ಲೇ "ಸಾಕು, ಗುಣ ಆಯ್ತು" ಎಂದು
ಉಳಿದ ಸ್ಟ್ರಿಪ್ಪುಗಳನ್ನು ಅಕ್ಕಿಯಲ್ಲಿ ಹುಗಿದಳು.
ನಾನು ಬೈದೆ, ಕನ್ನಡದಲ್ಲೇ ಬೈದೆ,
ಬೈಗುಳಕ್ಕೆ ಬೇರೆ ಭಾಷೆ ನನಗೆ ಬಾರದು.
ಅವಳು ಅರ್ಥವಾಗದವಳ ಹಾಗೆ ಮಣೆಗೆ ಬಾಗಿದಳು.
ಆಗ ನಡುಗೋಡೆಯ ಆಚೆಯಿಂದ ಪೋಲಮ್ಮ,
ಐದಕ್ಕೇ ಪೊರಕೆ ಹಿಡಿದು ರಸ್ತೆಗಿಳಿಯುವವಳು,
ಹೇಳಬಾರದವರ ಪಟ್ಟಿಯಲ್ಲಿ ಮೊದಲನೆಯವಳು:
"ಮಿಂಗವೇ ತಲ್ಲೀ!
ಒಂದೇ ಇಟ್ಟಿಗೆಯ ಗೋಡೆ ಇದು.
ಮೊದಲನೇ ದಿನದಿಂದ ನನಗೆ ಕೇಳಿಸ್ತಿದೆ."

ಈಗ ದಿನಾ ಹೊರಡುವ ಮುಂಚೆ
ಪೊರಕೆಯ ಹಿಡಿಯಿಂದ ಗೋಡೆಗೆ ಎರಡು ಏಟು.
ಈಚೆಯಿಂದ, ಖಾಲಿ ಲೋಟ ಕೆಳಗಿಟ್ಟ ಸದ್ದು.
"ಮಾತ್ರೆ ನುಂಗಿಸಿದವರು" ಎಂಬಲ್ಲಿ
ನನ್ನ ಹೆಸರೇ ಬರೆಯುತ್ತೇನೆ. ತಪ್ಪು, ಗೊತ್ತು.

ನಿನ್ನೆ ರಾತ್ರಿ ನಮ್ಮತ್ತೆ ಮೂರು ಸಲ ಎದ್ದರು.
"ಸ್ವಲ್ಪ ಗಂಟಲು."
ನಾನು ಬ್ಯಾಗಿನಿಂದ ನೀಲಿ ಮುಚ್ಚಳದ್ದೊಂದು ತೆಗೆದೆ.
ಅವರು ಮೊದಲು ಕಿಟಕಿ ಮುಚ್ಚಿದರು.
ತುಂಬ ಹೊತ್ತಿನ ಮೇಲೆ ಕೇಳಿದರು:
ಮನೆಯಲ್ಲಿ ಊದುಬತ್ತಿದು
ಖಾಲಿ ಡಬ್ಬ ಯಾವುದಾದರೂ ಇದೆಯೇನೇ?