ಹಲ್ಲಿನ ಪೆಟ್ಟಿಗೆಗಳು

ಬೀಗ ಕತ್ತರಿಸುವವನ ಹೆಸರು ಕ್ಲೀಟಸ್.
ಅವನಿಗೆ ಆತುರವಿಲ್ಲ. ಕತ್ತರಿ ಕಬ್ಬಿಣವನ್ನು ಕಚ್ಚಿದಾಗ
ಹುರಿಗಡಲೆ ಒಡೆದಷ್ಟೇ ಸದ್ದು.
ಆಮೇಲೆ ತಗಡಿನ ಬಾಗಿಲು ಮೇಲಕ್ಕೆ ಸುರುಳಿಯಾಗುತ್ತ
ಇಡೀ ಸಾಲಿಗೇ ಕೇಳುವಂತೆ ರಂಪ ಮಾಡುತ್ತದೆ.

ಬೇಕರ್ಸ್‌ಫೀಲ್ಡ್‌ನ ಜುಲೈ. ಬೆಳಿಗ್ಗೆ ಒಂಬತ್ತಕ್ಕೇ
ಡಾಂಬರು ಚಪ್ಪಲಿಯನ್ನು ಹಿಡಿದುಕೊಳ್ಳುತ್ತದೆ.
ಹನ್ನೊಂದು ಜನ ನಾವು, ಕೈಯಲ್ಲಿ ಟಾರ್ಚು.
ಹೊಸ್ತಿಲು ದಾಟುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ.
ಹೆಣ ನೋಡಲು ಬಂದವರ ಹಾಗೆ
ಒಬ್ಬರ ಹೆಗಲಾಚೆ ಇನ್ನೊಬ್ಬರು ಕತ್ತು ಚಾಚಿ.
ಮೂರು ತಿಂಗಳ ಬಾಡಿಗೆ ಬಾಕಿ ಬಿದ್ದರೆ
ಯಾರದೋ ಸಂಸಾರಕ್ಕೆ ಐದು ನಿಮಿಷದ ಪ್ರದರ್ಶನ.

ಲಮಾರ್ ಪ್ರೂಯಿಟ್ ಕಂಪನಿ ಹೆಸರು ಓದುತ್ತಾನೆ.
ನಾನು ಧೂಳು ಓದುತ್ತೇನೆ.
ಸೋಫಾದ ಒಂದು ತುದಿಯಲ್ಲಿ ಮಾತ್ರ ಧೂಳು ತೆಳುವೆಂದರೆ
ಒಡೆಯ ಆಗಾಗ ಬಂದು ಕೂತಿದ್ದಾನೆ,
ಇಲ್ಲೇ, ಈ ತಗಡಿನ ಗೂಡಿನಲ್ಲಿ, ಹೆಂಡತಿಗೆ ತಿಳಿಯದೆ.
ಅಂಥ ಕೋಣೆಗೆ ನಾನು ಸವಾಲು ಕೂಗುವುದಿಲ್ಲ.
ಒಮ್ಮೆ ಕೂಗಿದ್ದೆ.

ಇನ್ನೂರ ಹದಿನಾಲ್ಕರಲ್ಲಿ ಧೂಳು ಸಮ.
ಎದೆಯೆತ್ತರಕ್ಕೆ ರಟ್ಟಿನ ಪೆಟ್ಟಿಗೆಗಳು,
ಒಂದೇ ಅಳತೆ, ಒಂದೇ ಕೈಬರಹ.
ಮೂಲೆಯಲ್ಲೊಂದು ಭಾರಿ ಕುರ್ಚಿ, ಮುಸುಕು ಹಾಕಿಕೊಂಡು.
ಒಂದೇ ಅಳತೆಯೆಂದರೆ ದಾಸ್ತಾನು, ದಾಸ್ತಾನೆಂದರೆ ದುಡ್ಡು:
ನನ್ನ ಲೆಕ್ಕ ಅಲ್ಲಿಗೇ ನಿಂತಿತು. ನಿಲ್ಲಬಾರದಿತ್ತು.

ಐವತ್ತರಿಂದ ಶುರು. ಪ್ರೂಯಿಟ್ ಮೂಗು ತುರಿಸಿದ, ನೂರು.
ಕೂಸನ್ನು ಎದೆಗೆ ಕಟ್ಟಿಕೊಂಡ ಹೊಸ ಹುಡುಗಿ
ನೂರೈವತ್ತೆಂದಳು, ಗಂಡನ ಮುಖ ನೋಡಿ
ತುಟಿ ಕಚ್ಚಿಕೊಂಡಳು.
ಇನ್ನೂರು. ಇನ್ನೂರ ನಲವತ್ತು.
ಒಂದನೇ ಸಲ, ಎರಡನೇ ಸಲ,
ಮೂರನೆಯದಕ್ಕೆ ನಾನೇ ಒಡತಿ.

ಬಿಚ್ಚಿದರೆ ಹಲ್ಲು.
ಗಾರೆಯ ಹಲ್ಲು. ಮೇಲ್ದವಡೆಗೆ ಕೆಳದವಡೆ ಕೂಡಿಸಿ
ರಬ್ಬರ್ ಬ್ಯಾಂಡು ಸುತ್ತಿ, ಅಡಿಯಲ್ಲಿ ಪೆನ್ಸಿಲಿನ ಹೆಸರು, ತಾರೀಖು.
ಯಾರೋ ದಂತವೈದ್ಯ ನಲವತ್ತು ವರ್ಷ ತೆಗೆದ ಅಚ್ಚು,
ಈ ಊರಿನವೇ ಬಾಯಿಗಳು:
ಎಣ್ಣೆ ಬಾವಿಯವರು, ದ್ರಾಕ್ಷಿ ಕೊಯ್ಯುವವರು,
ಬೈದು ಬೈದು ಪಾಠ ಮಾಡಿದ ಮೇಡಂಗಳು,
ಈಗ ಪಿಟ್ಟೆನ್ನದೆ, ಪೆಟ್ಟಿಗೆಗೆ ಅರುವತ್ತರಂತೆ,
ತೊಂಬತ್ತೆರಡು ಪೆಟ್ಟಿಗೆ.
ಪ್ರೂಯಿಟ್ ಹೊಟ್ಟೆ ಹಿಡಿದು ನಕ್ಕ.
ನಗಲು ಅವನಿಗೆ ಸ್ವಂತದ್ದೊಂದು ಹಲ್ಲೂ ಇಲ್ಲ.

ಫೋಟೊ, ಪತ್ರ, ಚಿತಾಭಸ್ಮ ಸಿಕ್ಕರೆ
ಆಫೀಸಿಗೆ ಒಪ್ಪಿಸಬೇಕೆಂದು ಈ ಗೋದಾಮಿನ ನಿಯಮ.
ಹಲ್ಲಿನ ಬಗ್ಗೆ ಬರೆದಿಲ್ಲ. ಕೌಂಟರಿನ ಯೆಸೇನಿಯಾ
ಕಾಗದವನ್ನು ಎರಡು ಸಲ ಓದಿ, ಪಾಪ,
'ಇದು ನಿಮ್ಮದೇ' ಎಂದಳು.

ಭಾನುವಾರ, ಹಳೇ ಡ್ರೈವ್-ಇನ್ ಟಾಕೀಸಿನ ಮೈದಾನದ ಸಂತೆ.
ಕುರ್ಚಿ ಮೊದಲು ಹೋಯಿತು, ಹಚ್ಚೆ ಹಾಕುವವನಿಗೆ, ನೂರ ಎಂಬತ್ತಕ್ಕೆ.
ಹಲ್ಲು, ಜೋಡಿಗೆ ಒಂದು ಡಾಲರ್.
ಚಿತ್ರಕಲೆಯ ಮೇಷ್ಟರು ಎರಡು ಪೆಟ್ಟಿಗೆ ಹೊತ್ತರು.
ಮಧ್ಯಾಹ್ನ ಒಬ್ಬ ಮುದುಕಿ ಬಂದಳು. ಬೆಲೆ ಕೇಳಲಿಲ್ಲ.
ಒಂದೊಂದನ್ನೇ ಬೋರಲು ಹಾಕಿ
ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ನಿಧಾನವಾಗಿ
ಹೆಸರು ಓದತೊಡಗಿದಳು. ಐದು ಪೆಟ್ಟಿಗೆ.
ಸಿಗಲಿಲ್ಲ. ಯಾರದೆಂದು ಕೇಳಿದೆ.
'ಅವನಿಗೆ ಆ ಕುರ್ಚಿಯೆಂದರೆ ಜೀವಭಯ,
ಹೋಗಿರಲಿಕ್ಕೂ ಇಲ್ಲ' ಎಂದು ನಕ್ಕು
ಸುಟ್ಟ ಜೋಳ ತಿನ್ನುತ್ತ ಗುಂಪಿನೊಳಗೆ ಕರಗಿದಳು.

ಎಂಬತ್ತೇಳು ಪೆಟ್ಟಿಗೆ ಉಳಿದವು.
ಕಸದ ಗುಂಡಿಯವರು ತೂಕಕ್ಕೆ ದುಡ್ಡು ಕೇಳುತ್ತಾರೆ,
ಗಾರೆ ಸುಮ್ಮನೆ ಭಾರ. ಅದೂ ಅಲ್ಲದೆ
ಹೆಸರಿದ್ದ ಬಾಯಿಗಳನ್ನು ಗುಂಡಿಗೆ ಸುರಿಯಲು
ಕೈ ಬರಲಿಲ್ಲ, ಬೇಕಾದರೆ ನಗಿ.
ಇನ್ನೂರ ಹದಿನಾಲ್ಕು ಖಾಲಿಯೇ ಇತ್ತು.
ತಿಂಗಳಿಗೆ ಅರುವತ್ತೆರಡು ಡಾಲರ್. ಬೀಗ ನನ್ನದು.

ಎರಡು ತಿಂಗಳು ಕಟ್ಟಿಲ್ಲ.
ಕ್ಲೀಟಸ್ ಎದುರಾದರೆ ಟೋಪಿ ಮುಟ್ಟಿ ನಮಸ್ಕರಿಸುತ್ತಾನೆ,
ಮೊದಲು ಹಾಗೆ ಮಾಡುತ್ತಿರಲಿಲ್ಲ.
ನಿನ್ನೆ ಸಂಜೆ ಬಾಗಿಲೆತ್ತಿ ಒಳಗೆ ಹೋದೆ.
ಧೂಳು ಆಗಲೇ ಕೂರುತ್ತಿದೆ, ಸಮವಾಗಿ.
ಆ ಕುರ್ಚಿಯನ್ನು ಮಾರಬಾರದಿತ್ತು.
ಕೂರಲು ಏನೂ ಇಲ್ಲ.