ಕಡತ

ಡೆಲ್ ಸ್ಟ್ರೌಡನ ಹೊಸ ಪಾಯಕ್ಕೆ ತೋಡಿದ ಗುಂಡಿ
ಆಳುದ್ದಕ್ಕಿಂತ ಒಂದು ಮೊಳ ಹೆಚ್ಚು.
ಏಣಿ ಹಾಕಿ ಇಳಿದೆವು ಮೂವರು:
ಗುಂಡಿಯ ಒಡೆಯ, ಮಣ್ಣು ಓದುವ ಮೈತೆ ಉರ್ಕಿಯಾಗ,
ಸಲಿಕೆ ಹೊತ್ತ ನಾನು.
ಮೇಲೆ ಐಡಾಹೋದ ಸೆಪ್ಟೆಂಬರ್ ಬಿಸಿಲು.
ಟಾಮ್‌ಕಿನ್ ತೊರೆ ಏನೂ ಅರಿಯದ ಹಾಗೆ
ಕಣಕಾಲುದ್ದ ಹರಿಯುತ್ತಿತ್ತು.

ಹೋದ ತಿಂಗಳು ಇದೇ ತೊರೆ
ನಲವತ್ತೇ ನಿಮಿಷದ ಮಳೆಗೆ
ಅವನ ಶೆಡ್ಡು, ಹದಿನೇಳು ಜೇನುಪೆಟ್ಟಿಗೆ,
ಮುಂಬಾಗಿಲ ಮೂರು ಮೆಟ್ಟಿಲು ಒಯ್ದಿತ್ತು.
ಬಂದದ್ದು ನೀರಲ್ಲ, ಅನ್ನುತ್ತಾನೆ ಡೆಲ್,
ನೀರಾಗಿದ್ದರೆ ಸದ್ದು ಗುರುತು ಸಿಗುತ್ತಿತ್ತು.
ಬೆಟ್ಟವನ್ನೇ ಕಲಸಿ ಸುರಿದ ಹಾಗೆ,
ಎಮ್ಮೆಗಾತ್ರದ ಬಂಡೆ ಅದರ ಮೇಲೆ ತೇಲಿಕೊಂಡು,
ಕರಿ ಪೈನ್ ದಿಮ್ಮಿಗಳು ಮುಂದೆ ಮುಂದೆ.

ಅದಕ್ಕೂ ಎರಡು ಬೇಸಿಗೆ ಹಿಂದೆ ಬೆಂಕಿ.
ಸೂಜಿಯೆಲೆಗಳ ಅಂಟು ಆವಿಯಾಗಿ ನೆಲಕ್ಕಿಳಿದು
ಬೆರಳಗಲ ಕೆಳಗೆ ಮೇಣವಾಗಿ ಕೂತಿದೆ, ಅಲ್ಲಲ್ಲಿ ಇನ್ನೂ.
ಬೆಳಿಗ್ಗೆ ಇಳಿಜಾರಲ್ಲಿ ಮೈತೆ
ಬಾಟಲಿಯ ನೀರು ಸುರಿದು ತೋರಿಸಿದಳು:
ಕೆಸುವಿನೆಲೆಯ ಮೇಲಿನ ಹಾಗೆ
ಹನಿ ಹನಿ ಉರುಳಿಹೋಯಿತು, ಮಣ್ಣು ಕುಡಿಯಲಿಲ್ಲ.
ಮರ ಸತ್ತ ಮೇಲೂ ಬೇರು
ಹಿಡಿದೇ ಇತ್ತಂತೆ ಬೆಟ್ಟವನ್ನು, ಎರಡು ವರ್ಷ.
ಆಮೇಲೆ ಅದಕ್ಕೂ ಸಾಕಾಯಿತು.

ಈಗ ಗುಂಡಿಯ ಗೋಡೆಯನ್ನು ಕರಣೆಯಿಂದ ಕೆರೆಯುತ್ತಾಳೆ.
ಬೂದು ಜಲ್ಲಿ. ಕೆಳಗೊಂದು ಕಪ್ಪು ಗೆರೆ,
ಕಾಡಿಗೆ ತೀಡಿದಷ್ಟೇ ತೆಳು.
ಮತ್ತೆ ಜಲ್ಲಿ. ಮತ್ತೆ ಕಪ್ಪು, ಈ ಸಲ ಗೇಣು ದಪ್ಪ.
ನಡುವೆ ಕಂದು ಮಣ್ಣು, ಎಷ್ಟು ತಲೆಮಾರಿನದೋ,
ಏನೂ ಆಗದೆ ಎಲೆ ಉದುರಿ, ಹುಳ ಓಡಾಡಿ,
ಸುಮ್ಮನೆ ಕಳೆದ ಕಾಲ.
ಏಳು ಕಪ್ಪು ಎಣಿಸಿದಳು.
ಎಂಟನೆಯದರ ಮೇಲೆ ನಾನು ನಿಂತಿದ್ದೆ.

ನನಗೆ ನೆನಪಾದದ್ದು ಕಡತ.
ಮೈಸೂರಲ್ಲೊಮ್ಮೆ ಕೈಗವಸು ತೊಡಿಸಿ ತೋರಿಸಿದ್ದರು:
ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು
ಮಡಿಸಿ ಮಡಿಸಿ ಮಾಡಿದ ಕರಿ ಪುಸ್ತಕ.
ಬಳಪದಲ್ಲಿ ಯಾರದೋ ಬಾಕಿ, ಯಾರದೋ ಜಮೆ.
ತುಂಬಿದರೆ ಒರೆಸು, ಮತ್ತೆ ಮಸಿ ಬಳಿ, ಮತ್ತೆ ಬರೆ.
ಮೈತೆಗೆ ಹೇಳಹೊರಟು
ಹುಣಸೆಬೀಜದ ಹತ್ತಿರವೇ ಸಿಕ್ಕಿಬಿದ್ದೆ.
ಸಾಲದ್ದಕ್ಕೆ, ಹೋಲಿಕೆಯೂ ಪೂರ್ತಿ ಸರಿಯಿಲ್ಲ:
ಇಲ್ಲಿ ಒರೆಸಿದವರಿಲ್ಲ,
ಇದ್ದದ್ದರ ಮೇಲೆಯೇ ಬರೆದದ್ದು.

ಮತ್ತೆ ಬರುತ್ತದಾ ಇದು, ಕೇಳಿದ ಡೆಲ್.
ಅವಳು ಕರಣೆ ಒರೆಸಿಕೊಂಡಳು.
ಬಾರದೇ ಇದ್ದಿದ್ದರೆ ಈ ಕಣಿವೆಯ ಬಾಯಲ್ಲಿ
ಸಪಾಟು ಜಾಗವೇ ಇರುತ್ತಿರಲಿಲ್ಲ ಡೆಲ್,
ಅಂಚೆ ಕಚೇರಿಗೂ ಇಲ್ಲ, ನಿನ್ನ ಜೇನಿಗೂ ಇಲ್ಲ.
ಅವನು ಹೆಬ್ಬೆರಳನ್ನು ಆ ದಪ್ಪ ಗೆರೆಯ ಮೇಲಿಟ್ಟು
ನಾಡಿ ಹಿಡಿದವನಂತೆ ಬಹಳ ಹೊತ್ತು ನಿಂತ.
ಸಂಜೆ ನೋಡಿದರೆ, ಹುರಿ ಕಟ್ಟಿದ ಗೂಟಗಳನ್ನೆಲ್ಲ ಕಿತ್ತು
ಪಿಕಪ್ಪಿಗೆ ಹಾಕಿಕೊಳ್ಳುತ್ತಿದ್ದ.
ಎಲ್ಲಿಗೆಂದು ನಾವು ಕೇಳಲಿಲ್ಲ.

ಅರ್ಧ ಮೈಲಿ ಮೇಲೆ, ಅವನ ಮೆಟ್ಟಿಲೊಂದು
ಅಡ್ಡಬಿದ್ದ ದಿಮ್ಮಿಗೆ ಒರಗಿ...
ಇಲ್ಲ, ಮೆಟ್ಟಿಲು ಕೆಳಗೇ ಎಲ್ಲೋ ಹೂತಿರಬೇಕು;
ತೊರೆ ಮೇಲಕ್ಕೆ ಹೊರುವುದಿಲ್ಲ.
ಅಲ್ಲಿದ್ದದ್ದು ಬರೀ ದಿಮ್ಮಿ, ಅದರ ಹಿಂದೆ
ಹೊಸದಾಗಿ ತಡೆದು ನಿಂತ ಮಡು,
ಮಡುವಿನ ನೆರಳಲ್ಲಿ ಟ್ರೌಟ್ ಮೀನಿನ ಒಂದು ತಿರುವು.
ದಂಡೆಯ ಬೂದಿಯಲ್ಲಿ ಲಾಡ್ಜ್‌ಪೋಲ್ ಸಸಿಗಳು.
ಬಾಯಿಗೆ ಅರಗಿನ ಮುದ್ರೆ ಒತ್ತಿಕೊಂಡು
ವರ್ಷಗಟ್ಟಲೆ ಕೊಂಬೆಯಲ್ಲೇ ಕೂತಿದ್ದ ಕಾಯಿಗಳು
ಉರಿ ತಾಗಿದ ಮೇಲೆಯೇ ಮಾತಾಡಿದ್ದು.

ರಾತ್ರಿ ಮೋಟೆಲಿನಲ್ಲಿ ಕೈ ತೊಳೆದೆ.
ಉಗುರ ಸಂದಿಯ ಕಪ್ಪು, ಏಳನೆಯ ಗೆರೆಯದ್ದು,
ಎಷ್ಟು ಸಾವಿರ ವರ್ಷವೆಂದು ಇನ್ನೂ ಲ್ಯಾಬು ಹೇಳಬೇಕು,
ಬಿಳಿ ಸಿಂಕಿನಲ್ಲಿ ಸಣ್ಣಗೆ ಕವಲೊಡೆದು ಇಳಿಯಿತು.
ನಲ್ಲಿ ತಿರುಗಿಸಿದವನು ನಾನೇ.
ಟಾಮ್‌ಕಿನ್ ತೊರೆಯ ಕೆಲಸ, ಒಂದು ಚಿಟಿಕೆಯಷ್ಟು,
ನನ್ನ ಕೈಯಿಂದಲೂ ಆಯಿತು.