ನಾಲ್ಕನೇ ಕಿಟಕಿ

ಮೊದಲು ನಾನು ಕೇಳಬೇಕಾದ ಪ್ರಶ್ನೆ ಒಂದೇ:
ಮಲಗಿದ್ದರಾ?
ಇಪ್ಪತ್ನಾಲ್ಕು ಗಂಟೆ, ನಮ್ಮ ಹಾಸಿಗೆಯ ಮೇಲೆ, ನಂಬರಿನ ಸಮೇತ?

ಇಲ್ಲ ಮೇಡಂ, ಅಂದ ಮುನಿಹನುಮಯ್ಯ,
ನಿಂತೇ ಕೆಮ್ತೀನಿ.

ಪೀಣ್ಯ ಎರಡನೇ ಹಂತದಲ್ಲಿ ಹಿತ್ತಾಳೆ ನಲ್ಲಿಗಳಿಗೆ
ಹೊಳಪು ಕೊಡುವ ಕೆಲಸ, ಹದಿನೆಂಟು ವರ್ಷ.
ಉಗುರಿನ ಸಂದಿಯಲ್ಲಿ ಇನ್ನೂ ಹಸಿರುಗಪ್ಪು ಪುಡಿ.
ನಮ್ಮ ವರಾಂಡದ ನಲ್ಲಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ
ಇದು ನಮ್ಮ ಶೆಡ್ಡಿಂದೇ ಇರಬೇಕು ಅಂದ.
ಹೆಮ್ಮೆಯೋ ದೂರೋ ತಿಳಿಯಲಿಲ್ಲ.

ನನ್ನ ಪರದೆಯ ಮೇಲಿನ ಪಟ್ಟಿ ಉದ್ದ:
ಮೂಳೆ ಮುರಿದರೆ ದರ, ಕಿಡ್ನಿ ಕಲ್ಲಿಗೆ ದರ, ಕಣ್ಣಿನ ಪೊರೆಗೆ ದರ,
ಎದೆಯಲ್ಲಿ ನೀರು ತುಂಬಿ ಸೂಜಿ ಚುಚ್ಚಿ ತೆಗೆದರೆ ಅದಕ್ಕೂ.
ಅಲ್ಲಿಗೆ ಮುಟ್ಟುವ ಮುಂಚಿನ ಕೆಮ್ಮಿಗೆ
ಕಾಲಂ ಇಲ್ಲ.
ಇನ್ನಷ್ಟು ಕೆಡಲಿ, ಆಮೇಲೆ ಬಾ
ಅಂತ ನಾನು ಹೇಳಲಿಲ್ಲ. ಕಂಪ್ಯೂಟರು ಹೇಳಿತು.
ನಾನು ಓದಿದೆ, ಅಷ್ಟೇ.

ಮಾತ್ರೆ ಪುಕ್ಕಟೆ, ಸುಳ್ಳಲ್ಲ.
ಮಾತ್ರೆಯ ತನಕದ ದಾರಿಗೆ ಮಾತ್ರ ಸುಂಕ:
ಮೊದಲು ಬೀದಿ ಕೊನೆಯ ಡಾಕ್ಟರು, ಎರಡು ಬಾಟಲಿ ಸಿರಪ್ಪು,
ಆಮೇಲೆ ಇನ್ನೊಬ್ಬರು, ಎರಡು ಎಕ್ಸ್‌ರೇ, ಒಂದು ಸ್ಕ್ಯಾನು,
ಕೊನೆಗೆ ಗಂಗರತ್ನಳ ಮಾಟಿ
ಗಿರವಿ ಅಂಗಡಿಯ ಗಾಜಿನ ಆಚೆ.
ಕಾಯಿಲೆಗೆ ಒಂದು ಹೆಸರು ಸಿಗುವ ಹೊತ್ತಿಗೆ ಹನ್ನೊಂದು ಸಾವಿರ.
ಹೆಸರು ಸಿಕ್ಕ ದಿನದಿಂದ ಕೂಲಿ ಇಲ್ಲ.

ಮುಂದೆ ಅವನು ಬರಲಿಲ್ಲ, ಅವಳು ಬಂದಳು.
ಅವಳಿಗೆ ಬಸ್ಸು ಫ್ರೀ.
ಜಾಲಹಳ್ಳಿ ಕ್ರಾಸಿಂದ ಮೆಜೆಸ್ಟಿಕ್ಕು, ಮೆಜೆಸ್ಟಿಕ್ಕಿಂದ ಇಲ್ಲಿಗೆ,
ಸೊನ್ನೆ ರೂಪಾಯಿ ಟಿಕೆಟ್ಟಿನಲ್ಲಿ, ಬುತ್ತಿ ಚೀಲದೊಳಗೆ
ನೆಟ್ಟಗೆ ಕೂತು
ಗಂಡನ ಕಫವೂ ಉಚಿತ ಪ್ರಯಾಣ ಮಾಡಿತು.
ಪಕ್ಕದ ಸೀಟಿನಾಕೆ ಕೇಳಿದಳಂತೆ, ಏನಕ್ಕಾ, ಸಾರಾ?
ಹೂಂ, ಅಂದಳಂತೆ.
ಹೇಳಿ ನಕ್ಕಳು. ನಾನೂ ನಕ್ಕೆ.
ಆಮೇಲೆ ಇಬ್ಬರೂ ಹೋಗಿ ಕೈ ತೊಳೆದುಕೊಂಡೆವು,
ಅವನು ಹೊಳಪು ಕೊಟ್ಟಿದ್ದಿರಬಹುದಾದ ಅದೇ ನಲ್ಲಿಯಲ್ಲಿ.

ಅಷ್ಟರಲ್ಲಿ ನಿಯಮ ಬದಲಾಯಿತು.
ರೇಸ್‌ಕೋರ್ಸ್ ರಸ್ತೆಯ ಹೋಟೆಲಿನ ತಣ್ಣನೆ ಹಾಲಿನಲ್ಲಿ ನಮಗೆ ತರಬೇತಿ,
ಬಾದಾಮಿ ಹಾಲು, ಖಾರಾ ಬಿಸ್ಕತ್ತು,
ಗೋಡೆಯ ಮೇಲೆ ಬಾಣದ ಗುರುತುಗಳು.
ಇನ್ನು ಮಲಗಬೇಕಿಲ್ಲ, ನಡೆದು ಬಂದವರಿಗೂ ವಿಮೆ ಉಂಟು.
ಆಸ್ಪತ್ರೆಗೆ ದುಡ್ಡು ಮೂರು ಕಂತಿನಲ್ಲಿ:
ಕಾಯಿಲೆ ಪತ್ತೆಯಾದಾಗ ಒಂದು,
ಎರಡು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ಒಂದು,
ಪೂರ್ತಿ ವಾಸಿಯಾದರೆ ಮಿಕ್ಕಿದ್ದು. ದೊಡ್ಡದು ಅದೇ.

ಹಿಂದಿನ ಸಾಲಿಂದ ಎದ್ದು ಕೇಳಿದೆ:
ನಾಲ್ಕನೇ ತಿಂಗಳಿಗೆ ಮೈ ಹಗುರಾಗಿ, ಕೆಮ್ಮು ನಿಂತು,
ಸಾಹುಕಾರ ಕರೆದ ಅಂತ ಶೆಡ್ಡಿಗೆ ಹೊರಟುಬಿಡ್ತಾರಲ್ಲ ಸಾರ್,
ಅವರ ಕೂಲಿ ಯಾವ ಕಂತಿನಲ್ಲಿ?
ಒಳ್ಳೆ ಪ್ರಶ್ನೆ, ಅಂದರು.
ಊಟಕ್ಕೆ ಬಿಟ್ಟರು.

ಶ್ರಾವಣದ ಒಂದು ಮಂಗಳವಾರ
ಮುನಿಹನುಮಯ್ಯನ ಕಾರ್ಡಿನಲ್ಲಿ ಮೂರು ಮನೆ ಖಾಲಿ.
ಲೆಕ್ಕಪತ್ರದ ಮ್ಯಾನೇಜರು ತಾವೇ ನನ್ನ ಕಿಟಕಿಗೆ ಬಂದು
ಆ ಪೀಣ್ಯದವನು ಎಲ್ಲಮ್ಮ? ಅಂದರು.
ಅವರ ಬಾಯಲ್ಲಿ ರೋಗಿಯೊಬ್ಬನ ಊರುಕೇರಿ
ನಾನು ಕೇಳಿದ್ದು ಅದೇ ಮೊದಲು.

ಫೋನ್ ಮಾಡಿದೆವು. ಆ ಕಡೆ ಗಾಲಿ ತಿರುಗುವ ಸದ್ದು,
ಹಿತ್ತಾಳೆ ಕಿರುಚುವ ಸದ್ದು,
ನಡುವೆ ಅವನು: ಯಾರು? ಯಾರು? ಜೋರಾಗಿ ಹೇಳಿ.
ನರ್ಸಮ್ಮನನ್ನು ಆಟೋ ಹತ್ತಿಸಿ ಕಳಿಸಿದೆವು,
ಬಾಡಿಗೆ ಆಸ್ಪತ್ರೆಯದು.

ಮರುದಿನ ಗಂಗರತ್ನ ಬಂದಳು, ಬಾಳೆಯೆಲೆಯಲ್ಲಿ ಮೂರು ಮೊಳ ಸೇವಂತಿಗೆ.
ದೊಡ್ಡಾಸ್ಪತ್ರೆಯವರು ಮನೆ ಬಾಗಿಲಿಗೆ!
ಇಷ್ಟು ಅಕ್ಕರೆ ಯಾವತ್ತಿಂದ ಮೇಡಂ?

ಪರದೆಯನ್ನು ಅವಳ ಕಡೆ ತಿರುಗಿಸಲಿಲ್ಲ.
ಹೂವು ತಗೊಂಡೆ.
ಇನ್ನೂ ಎಪ್ಪತ್ತೊಂದು ದಿನದ್ದಿದೆ, ಅಂದೆ,
ಇಲ್ಲೇ ಎಣಿಸಿಕೊಳ್ಳಿ, ನನ್ನೆದುರಿಗೆ.